ಲೆಕ್ಕಕ್ಕಿಲ್ಲದ ಹನ್ನೊಂದು ಜನ

ಮಾರ್ಚ್ ೪

ಮಗಳೇ,

ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ಮೀಸೆಯಣ್ಣ, ಇಲ್ಲಿ ನಮ್ಮ ಕೈಲಾಗದ ಗಾಯಾಳುಗಳನ್ನು ತುಂಬಿಕೊಂಡು ಆಗಾಗ ರಾಜಧಾನಿಗೆ ಬರುತ್ತಾನೆ. ಅವನ ಒಳಜೇಬಿನಲ್ಲಿ ಬರುತ್ತಿದೆ. ಫೋನು ಸತ್ತು ಎಷ್ಟೋ ದಿನವಾಯಿತು. ಅಂಚೆಗೆ ಹಾಕಿದ್ದನ್ನು ಯಾರೋ ಒಡೆದು ಓದುತ್ತಾರೆ ಎಂದು ಊರೆಲ್ಲ ಮಾತು. ಓದಿದರೆ ಓದಲಿ. ಇಷ್ಟು ವರ್ಷ ಡಾಕ್ಟರುಗಳ ಜೊತೆಗಿದ್ದು ನನ್ನ ಕೈಬರಹವೂ ಅವರದರಂತೆ ಆಗಿಬಿಟ್ಟಿದೆ, ಓದಲು ಕೂತವನ ಕಣ್ಣೇ ಹೋದೀತು.

ಶೆಲ್ ಬೀಳುವುದು ಈಗ ದಿನನಿತ್ಯದ ಮಾತು. ಮೊದಮೊದಲು ಸದ್ದಾದರೆ ಎಲ್ಲರೂ ಕಿಟಕಿಗೆ ಓಡುತ್ತಿದ್ದರು, ಈಗ ಕಿಟಕಿಯಿಂದ ದೂರ ಓಡುತ್ತಾರೆ. ದೊಡ್ಡ ಡಾಕ್ಟರು ಸಂಸಾರಸಮೇತ ಹೊರಟುಹೋದರು. ಉಳಿದವರು ಇಬ್ಬರು ಚಿಕ್ಕ ಡಾಕ್ಟರು, ನಿಂತಲ್ಲೇ ತೂಕಡಿಸುತ್ತಾರೆ. ಹಾಗಾಗಿ ಹೆರಿಗೆ ವಾರ್ಡಿನ ಹಿರಿಯ ನರ್ಸಾಗಿದ್ದ ನಿನ್ನ ಅಮ್ಮ ಈಗ ಶವಾಗಾರಕ್ಕೂ ಯಜಮಾನಿ. ಶವಾಗಾರ ಸಾಲದೆ ಅಡುಗೆಕೋಣೆಯ ಉಗ್ರಾಣವನ್ನೂ ತೆರವು ಮಾಡಿಸಿದ್ದೇನೆ. ಅಲ್ಲಿ ತಂಪಿರುತ್ತದೆ.

ಜಿಲ್ಲಾ ಕಚೇರಿಯಿಂದ ಒಬ್ಬ ಗುಮಾಸ್ತ ಬಂದಿದ್ದ. ದಿನಾ ಮಧ್ಯಾಹ್ನ ಸತ್ತವರ ಲೆಕ್ಕ ಕೊಡಬೇಕಂತೆ. ಸಾಮಾನ್ಯ ಜನರದ್ದು ಮಾತ್ರ; ಸೈನಿಕರನ್ನು ಸೈನ್ಯದವರೇ ಎಣಿಸಿಕೊಳ್ಳುತ್ತಾರಂತೆ. ಅಂದರೆ ನಿನ್ನ ಕಚೇರಿಯವರು. ಎಣಿಸುವುದಕ್ಕೆ ಮನೆಯಲ್ಲಿ ಒಬ್ಬಳಿದ್ದರೆ ಸಾಲುತ್ತಿರಲಿಲ್ಲವೇ ಎಂದು ನಗು ಬಂತು. ಇಷ್ಟು ಕಾಲ ಹುಟ್ಟಿದವರ ತೂಕ ಬರೆದ ಕೈ ಇದು. ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ: ನನ್ನ ಕಣ್ಣಾರೆ ಕಂಡವರನ್ನು ಮಾತ್ರ ಸೇರಿಸುತ್ತೇನೆ.

ನಿನ್ನ ತಮ್ಮ, ನಮ್ಮ ಫ್ಯೂಸು, ಚೆನ್ನಾಗಿದ್ದಾನೆ. ಸೈನ್ಯಕ್ಕೆ ಕರೆ ಬರುವ ಮೊದಲೇ ನೀನು ಹೇಳಿಸಿ ಕೊಡಿಸಿದ ಗುತ್ತಿಗೆ ಕೆಲಸ ಅವನಿಗೆ ಒಗ್ಗಿದೆ. ಸೈನ್ಯ ಹೋದಲ್ಲೆಲ್ಲ ಇವರ ತಂಡ ಹಿಂದೆ ಹೋಗಿ ಕಡಿದ ತಂತಿ ಜೋಡಿಸಬೇಕು, ಅಷ್ಟೆ. ಬಂದೂಕಿಲ್ಲ, ಸಲಾಮಿಲ್ಲ. ಚಳಿಗೆಂದು ಯಾರೋ ಸೈನ್ಯದ ಜಾಕೆಟ್ ಕೊಟ್ಟಿದ್ದಾರೆ. ಅದರೊಳಗೆ ಇನ್ನೊಬ್ಬ ಇರಬಹುದು, ಅಷ್ಟು ದೊಡ್ಡದು. ಚಿಕ್ಕವನಿದ್ದಾಗ ನನ್ನ ಹೇರ್‌ಪಿನ್ನು ಪ್ಲಗ್ಗಿಗೆ ತೂರಿಸಿ ಇಡೀ ಬೀದಿ ಕತ್ತಲು ಮಾಡಿದವನು ಈಗ ಊರಿಗೆ ಕರೆಂಟ್ ಕೊಡುತ್ತಿದ್ದಾನೆ, ನೋಡು.

ಹೊಟ್ಟೆಗೆ ತಿನ್ನು.

ಅಮ್ಮ


ಮಾರ್ಚ್ ೧೪

ಪ್ರೀತಿಯ ಅಮ್ಮ,

ಮೀಸೆಯಣ್ಣ ಪತ್ರ ಕೊಟ್ಟ. ಅರ್ಧ ಗಂಟೆ ಕೂರಿಸಿ ಟೀ ಕುಡಿಸಿದೆ. ನಿನ್ನ ಬಗ್ಗೆ ಕೇಳಿದ್ದಕ್ಕೆ, "ಸಿಸ್ಟರ್ ಬೈಯೋದು ನಿಲ್ಸಿದ್ರೆ ನಂಗೆ ಭಯ ಆಗುತ್ತೆ, ಇನ್ನೂ ಬೈತಾ ಇದಾರೆ" ಎಂದ. ಸಮಾಧಾನವಾಯಿತು.

ನಮ್ಮ ಕಚೇರಿ ಮೊದಲು ಒಂದು ವಿಮಾ ಕಂಪನಿಯದಾಗಿತ್ತು. ಅವರ ಜಾಹೀರಾತು ಗೋಡೆಯ ಮೇಲೆ ಇನ್ನೂ ಇದೆ: ನಗುತ್ತಿರುವ ಗಂಡ, ಹೆಂಡತಿ, ಮಗು. ಯಾರೂ ತೆಗೆದಿಲ್ಲ, ತೆಗೆಯಿರಿ ಎಂದು ಯಾರೂ ಹೇಳಿಯೂ ಇಲ್ಲ. ಅದರ ಕೆಳಗೆ ನನ್ನ ಮೇಜು. ಒಂದೊಂದು ತುಕಡಿಯಿಂದಲೂ ಚೀಟಿಗಳು ಬರುತ್ತವೆ. ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ನಾಪತ್ತೆ ಎಂದು ನಾವು ಬೇರೆ ಮಾಡಬೇಕು. ಸತ್ತವನು ಎನ್ನಬೇಕಾದರೆ ದೇಹ ಬೇಕು, ಇಲ್ಲವೆ ಕಂಡ ಇಬ್ಬರು ಸಾಕ್ಷಿ ಬೇಕು. ಎರಡೂ ಇಲ್ಲದವರೆಲ್ಲ ನಾಪತ್ತೆ. ಅದೊಂದು ಬಾಗಿಲಿಲ್ಲದ ಕೋಣೆ ಅಮ್ಮ, ಎಷ್ಟು ಜನ ಬಂದರೂ ಹಿಡಿಸುತ್ತದೆ. ರೇಡಿಯೋದಲ್ಲಿ ಸತ್ತವರ ಸಂಖ್ಯೆ ಮಾತ್ರ ಹೇಳುತ್ತಾರೆ.

ಈಗ ಬರೆಯುವುದನ್ನು ಗಮನವಿಟ್ಟು ಓದು. ಮೊನ್ನೆ ನಮ್ಮ ಮಹಡಿಗೆ ಹೊಸ ಕಬ್ಬಿಣದ ಕಪಾಟುಗಳು ಬಂದವು. ಕಾರಿಡಾರಿನ ಎರಡೂ ಬದಿ ನಿಲ್ಲಿಸಿದ್ದಾರೆ, ನಾವು ಅಡ್ಡಡ್ಡ ತಿರುಗಿ ಓಡಾಡಬೇಕು. ಇದುವರೆಗಿನ ಚೀಟಿಗಳಿಗೆ ಹಳೆಯವೇ ಸಾಕಾಗಿವೆ. ಇಷ್ಟೊಂದು ಯಾಕೆ ಸರ್ ಎಂದು ನಮ್ಮ ಮೇಜರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ. ಕೀಲಿಗೊಂಚಲು ನೋಡುತ್ತ, "ಬೇಕಾಗುತ್ತೆ" ಎಂದರು.

ದೊಡ್ಡ ದಾಳಿ ಯಾವ ಕಡೆಗೆ, ಯಾವಾಗ ಎನ್ನುವುದು ನನಗೆ ಗೊತ್ತಿಲ್ಲ. ಆದರೆ ಗಡಿಗೆ ಹತ್ತಿರದ ದೊಡ್ಡ ಊರು ನಿಮ್ಮದೇ. ಫ್ಯೂಸನ್ನೂ ಕರೆದುಕೊಂಡು ಇಲ್ಲಿಗೆ ಬಂದುಬಿಡು. ನನ್ನ ಕೋಣೆ ಚಿಕ್ಕದು, ಆದರೂ ಮೂವರು ಮಲಗಬಹುದು.

ನಿನ್ನ ದೊಡ್ಡವಳು


ಮಾರ್ಚ್ ೨೬

ಮಗಳೇ,

ಕಪಾಟು ಬಂತು, ಊರು ಬಿಡು ಎನ್ನುವ ಮಗಳು ಈ ಲೋಕದಲ್ಲಿ ನನಗೊಬ್ಬಳಿಗೇ ಇರಬೇಕು. ಬೈಯುತ್ತಿಲ್ಲ. ನಿನ್ನ ಮಾತು ಅರ್ಥವಾಯಿತು. ಆದರೆ ವಾರ್ಡಿನಲ್ಲಿ ದಿನ ತುಂಬಿದ ಹೆಂಗಸರಿದ್ದಾರೆ. ಅವರ ಹೊಟ್ಟೆಯಲ್ಲಿರುವವುಗಳಿಗೆ ಯುದ್ಧ ಮುಗಿಯುವ ತನಕ ತಾಳಿಕೊಳ್ಳಿ ಎಂದರೆ ಕೇಳುತ್ತವೆಯೇ? ಫ್ಯೂಸಿಗೂ ಹೇಳಿ ನೋಡಿದೆ. "ನಾನು ಬಂದ್ರೆ ತಂಡದಲ್ಲಿ ಕಂಬ ಹತ್ತೋರು ಇಲ್ಲಮ್ಮ" ಎಂದು ಬಟ್ಟೆ ಒಗೆಯಲು ಹಾಕಿ ಹೋದ.

ಇನ್ನೊಂದು ವಿಷಯ ನಿನ್ನನ್ನು ಕೇಳಬೇಕು. ಮೂರು ದಿನದ ಹಿಂದೆ ಒಂದು ದೇಹ ಬಂತು. ನೋಡಿದರೆ ಗುರುತಿನವನು. ನಮ್ಮ ವಾರ್ಡಿನ ನೆಲಕ್ಕೆ ಟೈಲ್ಸ್ ಹಾಕಿದ ಗಾರೆಯವನು. ಒಂದು ಟೈಲ್ಸ್ ಸೊಟ್ಟಗಾಗಿದೆ ಎಂದು ನಾನು ಅವನ ಜೊತೆ ಜಗಳವಾಡಿದ್ದೆ. ಫ್ಯೂಸಿನ ಹಾಗೆ ಅವನನ್ನೂ ಸೈನ್ಯದವರು ಗುತ್ತಿಗೆಗೆ ಕರೆದುಕೊಂಡು ಹೋಗಿದ್ದರಂತೆ, ಗೋಡೆ ಕಟ್ಟಲು. ಮೈಮೇಲೆ ಸೈನ್ಯದ ಜಾಕೆಟ್, ಕೆಳಗೆ ತನ್ನದೇ ಪ್ಯಾಂಟು.

ಸೈನ್ಯದ ಗಾಡಿಯವರು ತಮ್ಮ ಸತ್ತವರನ್ನು ಒಯ್ಯಲು ಬಂದಾಗ ಇವನನ್ನೂ ತೋರಿಸಿದೆ. ಕೊರಳಲ್ಲಿ ಸಂಖ್ಯೆಯ ಬಿಲ್ಲೆ ಇಲ್ಲ, ನಮ್ಮವನಲ್ಲ ಎಂದರು. ಮಧ್ಯಾಹ್ನ ಗುಮಾಸ್ತ ಬಂದ. ಅವನು ಜಾಕೆಟ್ ನೋಡಿದ, ಇವನು ಸತ್ತ ಜಾಗ ಯಾವುದೆಂದು ಕೇಳಿದ. ಸೈನ್ಯದ ಠಾಣೆ ಎಂದೆ. ಹಾಗಾದರೆ ಜಿಲ್ಲೆಯ ಲೆಕ್ಕಕ್ಕೆ ಬರುವುದಿಲ್ಲ ಎಂದ.

"ಹಾಗಾದ್ರೆ ಇವನು ಸತ್ತೇ ಇಲ್ವಾ?" ಎಂದು ಕೇಳಿದೆ.

ಗುಮಾಸ್ತ ತಮಾಷೆ ಎಂದುಕೊಂಡು ನಗಲು ಹೋದ. ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಗಾರೆಯವನ ಹೆಂಡತಿ ಬಂದು ಕರೆದುಕೊಂಡು ಹೋದಳು. ಅವಳಿಗೆ ಕೊಡಬೇಕಾದ ಮರಣಪತ್ರಕ್ಕೆ ಯಾರ ಸಹಿಯೂ ಸಿಗಲಿಲ್ಲ.

ನಿಮ್ಮಲ್ಲಿ ಇಂಥವರನ್ನು ಯಾವ ಕಡೆ ಬರೆಯುತ್ತಾರೆ? ಸುಮ್ಮನೆ ಕೇಳಿದೆ. ಬೇರೇನೂ ಇಲ್ಲ.

ಅಮ್ಮ


ಏಪ್ರಿಲ್ ೬

ಪ್ರೀತಿಯ ಅಮ್ಮ,

ನೀನು ಸುಮ್ಮನೆ ಕೇಳಲಿಲ್ಲ, ನಾನೂ ಸುಮ್ಮನೆ ಓದಲಿಲ್ಲ. ಮೇಜರ ಕೋಣೆಗೆ ಹೋಗಿ ಗುತ್ತಿಗೆಯವರ ವಿಷಯ ಎತ್ತಿದೆ. ಅವರು ಬಾಗಿಲು ಮುಂದೆ ಮಾಡಿದರು. ಸೈನ್ಯದ ಪ್ರಕಾರ ಗುತ್ತಿಗೆಯವರು ನಾಗರಿಕರು. ನಾಗರಿಕ ಇಲಾಖೆಯ ಪ್ರಕಾರ ಸೈನ್ಯದ ಕೆಲಸದಲ್ಲಿದ್ದವರು ಸೈನ್ಯದವರು. ಎರಡು ಇಲಾಖೆಗಳ ನಡುವೆ ಈ ಬಗ್ಗೆ ಪತ್ರ ವ್ಯವಹಾರ ನಡೆಯುತ್ತಿದೆಯಂತೆ. ಹಾಗಾದರೆ ಅಲ್ಲಿಯ ತನಕ ಅವರು ಎಲ್ಲಿರುತ್ತಾರೆ ಎಂದೆ.

"ನಡುವೆ," ಎಂದರು ಮೇಜರು. ಆಮೇಲೆ "ನಿಮ್ಮೋರು ಯಾರಾದ್ರೂ ಇದ್ದಾರಾ ಅದ್ರಲ್ಲಿ?" ಎಂದು ಕೇಳಿದರು. ತಮ್ಮ ಎಂದೆ. ಕೂತುಕೊಳ್ಳಿ ಎಂದರು, ಅಷ್ಟೆ.

ಕಪಾಟುಗಳು ತುಂಬುತ್ತಿವೆ. ನನ್ನ ಪಕ್ಕದ ಮೇಜಿನ ಹೆಂಗಸು ಮೊದಲೆಲ್ಲ ಒಂದೊಂದು ಚೀಟಿಯನ್ನೂ ಪೂರ್ತಿ ಓದುತ್ತಿದ್ದಳು, ಹೆಸರನ್ನು ಬಾಯಲ್ಲಿ ಅಂದುಕೊಳ್ಳುತ್ತಿದ್ದಳು. ಈಗ ಸಂಖ್ಯೆ ನೋಡಿ ಎಸೆಯುತ್ತಾಳೆ. ಅವಳಿಗೆ ಹಾಗೆ ಮಾಡಬೇಡ ಎನ್ನಲು ಹೊರಟೆ, ಆಮೇಲೆ ನನ್ನ ಕೈಯನ್ನು ನೋಡಿಕೊಂಡರೆ ನಾನೂ ಅದನ್ನೇ ಮಾಡುತ್ತಿದ್ದೇನೆ. ದೂರದ ಹಳ್ಳಿಯ ಒಬ್ಬ ಮುದುಕ ದಿನಾ ಕೆಳಗಿನ ಮೆಟ್ಟಿಲ ಮೇಲೆ ಬಂದು ಕೂರುತ್ತಾನೆ. ಅವನ ಮಗ ನಾಪತ್ತೆಯವರ ಕಪಾಟಿನಲ್ಲಿದ್ದಾನೆ. ನಾನು ಹಾದುಹೋಗುವಾಗ ಕಾಲು ಮಡಿಸಿ ದಾರಿ ಬಿಡುತ್ತಾನೆ.

ಅಮ್ಮ, ಹೆಂಗಸರನ್ನೂ ಕರೆದುಕೊಂಡೇ ಬಾ. ಆಂಬುಲೆನ್ಸಿನಲ್ಲಿ ಹೆರಿಗೆ ಮಾಡಿಸುವುದು ನಿನಗೆ ಹೊಸದೇನಲ್ಲ. ಫ್ಯೂಸು ಪತ್ರ ಬರೆದನೇ?

ನಿನ್ನ ದೊಡ್ಡವಳು


ಏಪ್ರಿಲ್ ೧೯

ಮಗಳೇ,

ಬದುಕಿದ್ದೇನೆ, ಗಾಯವೂ ಇಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ.

ಮಂಗಳವಾರ ಬಸ್ ನಿಲ್ದಾಣದ ಮೇಲೆ ಬಿತ್ತು. ಊರು ಬಿಡುವವರೆಲ್ಲ ಅಲ್ಲೇ ಸೇರಿದ್ದರು, ಗಂಟುಮೂಟೆಗಳ ಮೇಲೆ ಕೂತು. ಮಧ್ಯಾಹ್ನ ಗುಮಾಸ್ತ ಬಂದಾಗ ನನ್ನ ಹತ್ತಿರ ಕೊಡಲು ಅಂಕಿಯೇ ಇರಲಿಲ್ಲ, ಇನ್ನೂ ತರುತ್ತಿದ್ದರು. ಅವನು ಕೋಟು ಬಿಚ್ಚಿಟ್ಟು ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದ. ನಾನು ಅವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆಲ್ಲ ವಾಪಸು ತೆಗೆದುಕೊಂಡೆ.

ಕಷ್ಟ ಎಣಿಸುವುದರಲ್ಲಿಲ್ಲ. ಹೆಸರು ಕೇಳುವುದರಲ್ಲಿದೆ. ಒಂದು ಮನೆಯವರೆಲ್ಲ ಒಟ್ಟಿಗೆ ಬಂದರೆ ಹೆಸರು ಹೇಳುವವರೇ ಇರುವುದಿಲ್ಲ. ಒಬ್ಬಳು ಗಂಡನ ಪಕ್ಕ ಕೂತಿದ್ದಳು. ನಾನು ಪೆನ್ನು ತೆಗೆದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು, "ಬರೀಬೇಡಿ ಸಿಸ್ಟರ್. ಬರೆದ್ರೆ ಸತ್ತು ಹೋಗ್ತಾರೆ" ಎಂದಳು. ಅವಳಿಗೆ ಹುಚ್ಚು ಹಿಡಿದಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಾನು ಪೆನ್ನು ಜೇಬಿಗೆ ಹಾಕಿ ಬೇರೆಯವರ ಹತ್ತಿರ ಹೋದೆ. ಅವಳಿಗೆ ಮಂಪರು ಬಂದಾಗ ಬರೆದೆ.

ಫ್ಯೂಸಿನ ತಂಡ ವಿದ್ಯುತ್ ಸಬ್‌ಸ್ಟೇಷನ್ ರಿಪೇರಿಗೆ ಹೋಗಿತ್ತು. ಅಲ್ಲಿಗೂ ಶೆಲ್ ಬಿತ್ತಂತೆ. ಅವರ ಲಾರಿ ವಾಪಸು ಬಂದಿದೆ. ಅದರಲ್ಲಿ ಡ್ರೈವರ್ ಮತ್ತು ಕೈ ಸುಟ್ಟುಕೊಂಡ ಮೇಸ್ತ್ರಿ, ಇಬ್ಬರೇ. ಮೇಸ್ತ್ರಿಯ ಕೈಗೆ ನಾನೇ ಪಟ್ಟಿ ಕಟ್ಟಿದೆ. ನನ್ನ ಮಗ ಎಲ್ಲಿ ಎಂದು ಕೇಳಿದೆ. ಹೊಗೆಯಿತ್ತು, ಎಲ್ಲರೂ ಚದುರಿಹೋದರು, ನಿಮ್ಮ ಮಗನನ್ನು ನೋಡಲಿಲ್ಲ ಎಂದ. ಇಬ್ಬರನ್ನೂ ಇದೇ ಆಂಬುಲೆನ್ಸಿನಲ್ಲಿ ರಾಜಧಾನಿಗೆ ಕಳಿಸುತ್ತಿದ್ದೇನೆ.

ಅವನು ನನ್ನ ಲೆಕ್ಕದಲ್ಲಿಲ್ಲ. ಉಗ್ರಾಣದಲ್ಲಿ, ಶವಾಗಾರದಲ್ಲಿ, ವರಾಂಡದಲ್ಲಿ, ಎಲ್ಲ ಕಡೆ ನೋಡಿದ್ದೇನೆ. ನಿನ್ನ ಕಡೆ ನೋಡು.

ಅಮ್ಮ


ಏಪ್ರಿಲ್ ೨೮

ಪ್ರೀತಿಯ ಅಮ್ಮ,

ನನ್ನ ಕಡೆಯೂ ಇಲ್ಲ. ಸತ್ತವರಲ್ಲಿ ಇಲ್ಲ, ಗಾಯಗೊಂಡವರಲ್ಲಿ ಇಲ್ಲ, ಸೆರೆಸಿಕ್ಕವರಲ್ಲಿ ಇಲ್ಲ. ನಾಪತ್ತೆಯಾದವರಲ್ಲೂ ಇಲ್ಲ. ಎರಡೆರಡು ಸಲ ಹುಡುಕಿದೆ. ಪಕ್ಕದ ಮೇಜಿನವಳು ತನ್ನ ಕೆಲಸ ಬಿಟ್ಟು ನನ್ನ ಜೊತೆ ಹುಡುಕಿದಳು.

ಇದು ಒಳ್ಳೆಯ ಸುದ್ದಿ ಎಂದು ಬರೆಯಬೇಕೆಂದು ಕೂತೆ. ಬರೆಯಲು ಕೈ ಬರುತ್ತಿಲ್ಲ. ಮೆಟ್ಟಿಲ ಮೇಲಿನ ಮುದುಕನಿಗೆ ನಾನು ಇಂಥ ಮಾತು ಹೇಳಿದ್ದೇನೆ, ಇನ್ನೂ ಬಂದಿಲ್ಲ ಅಂದರೆ ಒಳ್ಳೆಯದೇ ಎಂದು. ಅವನು ತಲೆಯಾಡಿಸಿದ್ದ. ಅವನು ಹೇಗೆ ತಲೆಯಾಡಿಸಿದ ಎನ್ನುವುದು ಈಗ ಗೊತ್ತಾಗುತ್ತಿದೆ.

ಮೇಸ್ತ್ರಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ನಿದ್ದೆಯ ಔಷಧ ಕೊಟ್ಟಿದ್ದರು. ಶನಿವಾರ ಮತ್ತೆ ಹೋಗುತ್ತೇನೆ. ಕದನವಿರಾಮದ ಮಾತುಕತೆ ನಡೆದಿದೆ. ಅದಾದರೆ ಮೇ ತಿಂಗಳ ಮಧ್ಯಕ್ಕೆ ಎಲ್ಲ ಲೆಕ್ಕ ಮುಗಿಸಿ ಜೂನಿನಲ್ಲಿ ಸೈನಿಕರು ಇಷ್ಟು, ನಾಗರಿಕರು ಇಷ್ಟು ಎಂದು ಪ್ರಕಟಿಸುತ್ತಾರಂತೆ. ಲೆಕ್ಕ ಮುಗಿದ ಮೇಲೆ ಹೊಸ ಹೆಸರು ಸೇರಿಸಲು ಬರುವುದಿಲ್ಲ.

ಆ ಗುತ್ತಿಗೆ ಕೆಲಸದ ವಿಷಯವಾಗಿ ನೀನು ನನ್ನನ್ನು ಕೇಳಿದ್ದು, ನಾನು ಒಂದು ಫೋನು ಮಾಡಿದ್ದು, ಅದನ್ನು ನಾವಿಬ್ಬರೂ ಎಲ್ಲೂ ಎತ್ತುತ್ತಿಲ್ಲ. ಎತ್ತುವುದು ಬೇಡ ಅಮ್ಮ. ನೀನೂ ಬೇಡ, ನಾನೂ ಬೇಡ.

ನಿನ್ನ ದೊಡ್ಡವಳು


ಮೇ ೯

ಮಗಳೇ,

ಕೂತು ಓದು.

ಬಂದೂಕಿನ ಸದ್ದು ನಿಂತಿತು. ಮಾರನೆಯ ಬೆಳಿಗ್ಗೆಯೇ ಮೀಸೆಯಣ್ಣನನ್ನು ಎಬ್ಬಿಸಿ ಸಬ್‌ಸ್ಟೇಷನ್ನಿಗೆ ಹೊರಟೆ. ಅವನು ಗಾಡಿ ತೆಗೆದ. ಗುಮಾಸ್ತನೂ ಬಂದು ಹಿಂದೆ ಹತ್ತಿ ಕೂತ.

ಬೇಲಿ ನೆಲಕ್ಕೊರಗಿತ್ತು. ಟ್ರಾನ್ಸ್‌ಫಾರ್ಮರಿನ ಎಣ್ಣೆ ಸುಟ್ಟು ಜಲ್ಲಿಯೆಲ್ಲ ಕಪ್ಪಾಗಿತ್ತು, ನಡೆದರೆ ಚಪ್ಪಲಿ ಅಂಟುತ್ತಿತ್ತು. ಒಂದು ಬದಿಯಲ್ಲಿ ಕೇಬಲ್ ಹಾಯಿಸುವ ಕಾಲುವೆಯಿದೆ, ಅದರ ಮೇಲೆ ಸಿಮೆಂಟಿನ ಚಪ್ಪಡಿಗಳು. ಶೆಲ್ ಬೀಳಲು ಶುರುವಾದಾಗ ತಂಡದವರು ಅದರೊಳಗೆ ಇಳಿದಿದ್ದರು. ಯಾರಿಗಾದರೂ ಅದೇ ಬುದ್ಧಿ ಬರುತ್ತಿತ್ತು. ಅವರೆಲ್ಲ ಒಬ್ಬರ ಪಕ್ಕ ಒಬ್ಬರು ಇದ್ದರು. ಹನ್ನೊಂದು ಜನ.

ನಿನ್ನ ತಮ್ಮನ ಎಡಗಾಲಿನ ಎರಡು ಬೆರಳು ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ಬೂಟು ಬಿಚ್ಚಿ ನೋಡಿದೆ. ಬಿಚ್ಚಬೇಕಾಗಿಯೇ ಇರಲಿಲ್ಲ, ದೂರದಿಂದಲೇ ಗೊತ್ತಾಗಿತ್ತು. ಆದರೂ ಬಿಚ್ಚಿದೆ. ಕಾಲುಚೀಲ ಹರಿದಿತ್ತು. ಮನೆಗೆ ಬಂದಾಗ ಹೊಲಿಸಿಕೊಂಡು ಹೋಗಬಾರದಿತ್ತೇ ಎಂದು ಸಿಟ್ಟು ಬಂತು. ಆ ಹೊತ್ತಿನಲ್ಲಿ ನನಗೆ ಬಂದಿದ್ದು ಅದೊಂದೇ ಸಿಟ್ಟು.

ಎಲ್ಲರನ್ನೂ ತಂದೆವು. ಒಂದೇ ಸಲಕ್ಕೆ ಆಗಲಿಲ್ಲ. ಅವನನ್ನು ಎರಡನೆಯ ಸಲ ತಂದೆ, ಮೊದಲು ಬೇರೆಯವರ ಮಕ್ಕಳು ಹೋಗಲಿ ಎಂದು. ನೀನು ಬರುವ ತನಕ ಇಡೋಣವೆಂದುಕೊಂಡೆ. ಇಡುವ ಸ್ಥಿತಿಯಲ್ಲಿರಲಿಲ್ಲ ಮಗಳೇ. ಊರ ಹೊರಗಿನ ಬಯಲಿನಲ್ಲಿ ಎಲ್ಲರನ್ನೂ ಅಕ್ಕಪಕ್ಕ ಮಣ್ಣು ಮಾಡಿದೆವು.

ಮಧ್ಯಾಹ್ನದ ಲೆಕ್ಕದಲ್ಲಿ ಹನ್ನೊಂದೂ ಹೆಸರು ಬರೆದು ಕೊಟ್ಟೆ. ಗುಮಾಸ್ತ ಒಯ್ದ. ಸಂಜೆ ಅವನ ಮೇಲಧಿಕಾರಿ ಬಂದರು. ಮೆಲ್ಲಗೆ, ನಯವಾಗಿ ಮಾತಾಡಿದರು. ಆ ಜಾಗ ಸೈನ್ಯದ ವಶದಲ್ಲಿತ್ತು, ನಿಯಮದ ಪ್ರಕಾರ ಈ ಹೆಸರುಗಳನ್ನು ತೆಗೆಯಬೇಕಾಗುತ್ತದೆ, ನಿಮ್ಮ ದುಃಖ ಅರ್ಥವಾಗುತ್ತದೆ ಎಂದರು.

"ತೆಗೀರಿ," ಎಂದೆ. "ಆದ್ರೆ ಮೊದ್ಲು ಬಯಲಿಗೆ ಬಂದು ಅವರನ್ನ ಎಬ್ಬಿಸಿ. ಮನೆಗೆ ಕಳಿಸಿ. ಆಮೇಲೆ ತೆಗೀರಿ."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ ಹೆಸರುಗಳನ್ನು ಇದ್ದ ಹಾಗೇ ಒಯ್ದರು. ಹಾಗಾಗಿ ನಿನ್ನ ತಮ್ಮ ಲೆಕ್ಕಕ್ಕೆ ಸೇರಿದ್ದಾನೆ. ನಾನು ಸೇರಿಸಿದೆ.

ನೀನು ಅಳು. ನನಗೆ ಇನ್ನೂ ಬಂದಿಲ್ಲ.

ಅಮ್ಮ


ಮೇ ೧೦

ಅಮ್ಮ,

ಮೀಸೆಯಣ್ಣ ಈ ಸಲ ಬಂದಿಲ್ಲ. ಬೇರೆ ಆಂಬುಲೆನ್ಸಿನವನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ನಿನಗೆ ಇದನ್ನು ಬರೆಯುವುದು ಹೇಗೆಂದು ಯೋಚಿಸಿಯೇ ಇಷ್ಟು ದಿನ ಕಳೆದೆ.

ಮೇಸ್ತ್ರಿ ನಿನಗೆ ನಿಜ ಹೇಳಿರಲಿಲ್ಲ. ನೀನು ಅವನ ಕೈಗೆ ಪಟ್ಟಿ ಕಟ್ಟುತ್ತಿದ್ದೆಯಂತೆ. "ಕೈ ಹಿಡ್ಕೊಂಡಿರೋ ತಾಯಿಗೆ ಹೇಗೆ ಹೇಳ್ಲಿ?" ಎಂದ. ಅವನೂ ಲಾರಿ ಡ್ರೈವರೂ ಕಂಡಿದ್ದಾರೆ. ತಂಡದವರು ಇಳಿದ ಕಾಲುವೆಯ ಮೇಲೇ ಬಿತ್ತಂತೆ. ತಮ್ಮ ಕೊನೆಯವನಾಗಿ ಇಳಿದ. ಮೇಸ್ತ್ರಿಗೆ, ನೀವೂ ಬನ್ನಿ ಜಾಗ ಇದೆ ಎಂದು ಕೈಬೀಸಿ ಕರೆದನಂತೆ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಇಬ್ಬರು ಸಾಕ್ಷಿ ಸಿಕ್ಕರು. ನಿಯಮಕ್ಕೆ ಅಷ್ಟು ಸಾಕು. ಇಬ್ಬರ ಹೇಳಿಕೆಯನ್ನೂ ನಾನೇ ಬರೆದುಕೊಂಡೆ. ಬರೆಯುವಾಗ ಅಕ್ಷರ ತಪ್ಪಲಿಲ್ಲ, ಯಾಕೋ ಗೊತ್ತಿಲ್ಲ. ಹನ್ನೊಂದು ಜನರನ್ನೂ ಎಂಜಿನಿಯರ್ ತುಕಡಿಗೆ ಸೇರಿದವರೆಂದು ತೋರಿಸಿ ಸೈನ್ಯದ ಸತ್ತವರಲ್ಲಿ ಸೇರಿಸಿ ಮೇಜರ ಮುಂದಿಟ್ಟೆ. ಅವರು ಹೆಸರುಗಳನ್ನು ಓದಿದರು. ನನ್ನ ಮನೆತನದ ಹೆಸರು ಬಂದಲ್ಲಿ ನಿಂತರು. ಸಹಿ ಮಾಡಿದರು.

ನಾಳೆ ಲೆಕ್ಕ ಮುಗಿಯುತ್ತದೆ. ಅವನು ಅದರಲ್ಲಿದ್ದಾನೆ ಅಮ್ಮ. ನಡುವೆ ಇಲ್ಲ.

ನಿನ್ನ ದೊಡ್ಡವಳು


ಜೂನ್ ೨೦

ಪ್ರೀತಿಯ ಅಮ್ಮ,

ನಮ್ಮ ಇಬ್ಬರ ಮೇ ತಿಂಗಳ ಪತ್ರಗಳೂ ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ನಿನ್ನದನ್ನು ಓದಿದ ದಿನ ಕೆಲಸಕ್ಕೆ ಹೋಗಲಿಲ್ಲ. ಪಕ್ಕದ ಮೇಜಿನವಳು ಊಟ ತಂದು ಬಾಗಿಲಲ್ಲಿಟ್ಟು ಹೋಗಿದ್ದಳು.

ಹೋದ ವಾರದ ಪತ್ರಿಕೆ ನೋಡಿರುತ್ತೀಯ. ಮೊದಲ ಪುಟದಲ್ಲಿ ಎರಡು ಸಂಖ್ಯೆ, ಸೈನಿಕರು ಮತ್ತು ನಾಗರಿಕರು, ಬಿಡಿ ಸ್ಥಾನದ ಅಂಕಿಯ ತನಕ. ಅದನ್ನು ನೋಡಿದವರು ಎಷ್ಟು ಕರಾರುವಾಕ್ಕಾಗಿ ಎಣಿಸಿದ್ದಾರೆ ಎಂದುಕೊಳ್ಳುತ್ತಾರೆ. ನಾಪತ್ತೆಯಾದವರ ಕಪಾಟುಗಳು ಎರಡರಲ್ಲೂ ಇಲ್ಲ.

ಪ್ರಕಟಿಸುವ ಮೊದಲು ಎರಡು ಇಲಾಖೆಯವರೂ ಕೂತು ಹೆಸರುಗಳನ್ನು ತಾಳೆ ನೋಡಿದ್ದಾರೆ. ಎರಡೂ ಕಡೆ ಇದ್ದ ಹೆಸರುಗಳನ್ನು ಸಂಶಯದ ಹೆಸರುಗಳು ಎಂದು ಎರಡೂ ಕಡೆಯಿಂದ ತೆಗೆದಿದ್ದಾರೆ. ನೀನು ಒಂದು ಕಡೆ ಸೇರಿಸಿದೆ, ನಾನು ಇನ್ನೊಂದು ಕಡೆ. ಇಬ್ಬರಲ್ಲಿ ಒಬ್ಬರು ಸುಮ್ಮನಿದ್ದಿದ್ದರೆ ಅವನು ಉಳಿಯುತ್ತಿದ್ದ.

ಸರಿಪಡಿಸಿ ಎಂದು ಬರೆದುಕೊಟ್ಟೆ. ಮೇಜರು ಅದನ್ನು ಹಿಡಿದು ಮೇಲಿನವರ ಹತ್ತಿರ ಹೋದರು. ಮಾರನೆಯ ದಿನ ಅವರ ಕೋಣೆಯಲ್ಲಿ ಬೇರೆಯವರು ಕೂತಿದ್ದರು. ಅವರನ್ನು ಎಲ್ಲಿಗೆ ಹಾಕಿದ್ದಾರೆಂದು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಹೊಸಬರು ನನ್ನನ್ನು ಕರೆದು, ಊರಲ್ಲಿ ತಾಯಿ ಒಬ್ಬರೇ ಅಲ್ಲವೇ ಎಂದು ವಿಚಾರಿಸಿದರು. ನಾನು ಹೇಳಿರಲಿಲ್ಲ ಅವರಿಗೆ.

ರಜೆ ಕೇಳಿದ್ದೇನೆ. ಕೊಡದಿದ್ದರೂ ಬರುತ್ತೇನೆ. ಆ ಬಯಲನ್ನು ಒಂದು ಸಲ ನೋಡಬೇಕು.

ನಿನ್ನ ದೊಡ್ಡವಳು


ಜುಲೈ ೩

ಮಗಳೇ,

ನೀನು ಸೇರಿಸಿದ್ದು ತಪ್ಪಲ್ಲ, ನಾನು ಸೇರಿಸಿದ್ದೂ ತಪ್ಪಲ್ಲ. ಆ ಮಾತು ಅಲ್ಲಿಗೆ ಬಿಡು. ಪತ್ರ ಓದಿದ ರಾತ್ರಿ ನನಗೂ ಅಳು ಬಂತು. ಬಂದದ್ದು ಒಳ್ಳೆಯದಾಯಿತು, ಆಮೇಲೆ ನಡೆದದ್ದಕ್ಕೆ ಗಟ್ಟಿ ನಿಲ್ಲಲು ಆಯಿತು.

ಹೋದ ವಾರ ಫ್ಯೂಸಿನ ಹೆಸರಿಗೆ ಒಂದು ನೋಟೀಸು ಬಂತು, ಗುತ್ತಿಗೆ ಕಚೇರಿಯಿಂದ. ಕಾರಣ ತಿಳಿಸದೆ ಕೆಲಸಕ್ಕೆ ಬಂದಿಲ್ಲ, ಸತ್ತವರ ಪಟ್ಟಿಯಲ್ಲಿ ಹೆಸರಿಲ್ಲ, ಆದ್ದರಿಂದ ಸೋಮವಾರ ಬೆಳಿಗ್ಗೆ ಹಾಜರಾಗತಕ್ಕದ್ದು, ತಪ್ಪಿದರೆ ಓಡಿಹೋದವನೆಂದು ಪರಿಗಣಿಸಲಾಗುವುದು. ಓದಿ ಮಡಿಸಿಟ್ಟು ಉಳಿದ ಹತ್ತು ಮನೆಗೂ ಹೋದೆ. ಎಲ್ಲರಿಗೂ ಬಂದಿತ್ತು. ಒಬ್ಬಳು ಎಳೆಯ ಹೆಂಡತಿ ಅದನ್ನು ಎದೆಗೊತ್ತಿಕೊಂಡು, ಸರಕಾರದವರೇ ಬರೆದಿದ್ದಾರೆ, ಅಂದರೆ ಬದುಕಿರಬಹುದಲ್ಲವೇ ಎಂದು ನನ್ನನ್ನು ಕೇಳಿದಳು. ಅವಳ ಗಂಡನ ಮುಖ ಒರೆಸಿದವಳು ನಾನು. ಅವಳಿಗೆ ಮತ್ತೊಮ್ಮೆ ಹೇಳಬೇಕಾಯಿತು.

ಸೋಮವಾರ ನಾವೆಲ್ಲರೂ ಹೋದೆವು. ಅಮ್ಮಂದಿರು, ಹೆಂಡಿರು, ಒಬ್ಬ ಅಪ್ಪ, ಒಬ್ಬಳು ಅಕ್ಕ. ಕಚೇರಿಯ ಅಂಗಳದಲ್ಲಿ ಮೇಜು ಹಾಕಿಕೊಂಡು ಒಬ್ಬ ಹೆಸರು ಕೂಗುತ್ತಿದ್ದ. ಊರಿಗೆ ಹೊಸಬ. ಮೊದಲು ನಿನ್ನ ತಮ್ಮನ ಹೆಸರೇ ಬಂತು. ಅವನ ಹೆಸರನ್ನು ಬೇರೆಯವರು ಗಟ್ಟಿಯಾಗಿ ಕೂಗಿದ್ದು ಕೇಳಿ ಎಷ್ಟು ದಿನವಾಗಿತ್ತು. ಮೇಜಿನ ಹತ್ತಿರ ಹೋದೆ.

"ತೀರಿಹೋಗಿದ್ದಾನೆ. ಬರೀರಿ."

"ಹಾಗೆ ಬರೆಯೋಕೆ ಬರಲ್ಲಮ್ಮ. ಪಟ್ಟಿಯಲ್ಲಿ ಇಲ್ಲ."

"ಹಾಜರಿಲ್ಲ ಅಂದ್ರೆ ಕಾರಣ ಬರೀಬೇಕಲ್ಲ. ಏನು ಬರೀತೀರಿ? ಎಲ್ಲಿದ್ದಾನೆ, ನೀವೇ ಹೇಳಿ."

ಅವನು ನನ್ನ ಹಿಂದೆ ನಿಂತವರನ್ನು ನೋಡಿದ. ಯಾರೂ ಕೂಗಾಡಲಿಲ್ಲ, ಯಾರೂ ಅಳಲಿಲ್ಲ. ನಿಂತಿದ್ದೆವು, ಅಷ್ಟೆ. ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ. ಆಮೇಲೆ ತಲೆ ಬಗ್ಗಿಸಿ ಬರೆದ. ನಾನು ಬಗ್ಗಿ ನೋಡಿದೆ. ಮರಣ ಎಂದೇ ಬರೆದಿದ್ದ. ನನ್ನ ನಂತರ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಎಳೆಯ ಹೆಂಡತಿ ನನ್ನ ಸೆರಗು ಹಿಡಿದಳು. ಅವಳ ಪರವಾಗಿ ನಾನೇ ಹೇಳಿದೆ. ಹನ್ನೊಂದು ಸಲ ಬರೆದ. ಕೂಲಿಗಳ ಹಾಜರಿ ಅದು, ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಆದರೂ ಸರಕಾರದ ಕೈಯಲ್ಲೇ ಬರೆಸಿದೆವು.

ಅಲ್ಲಿಗೆ ಮುಗಿಯಿತೆಂದು ತಿರುಗಿದೆವು. ಅವನು ಪುಟ ಮಗುಚಿ ಮತ್ತೆ ಕೂಗತೊಡಗಿದ. ಆಗ ನೋಡಿದೆ, ಗೋಡೆಯುದ್ದಕ್ಕೂ ಗಂಡಸರು ನಿಂತಿದ್ದರು, ಗೇಟಿನ ಆಚೆ ಬೀದಿಯ ತಿರುವಿನ ತನಕ. ಸೈನ್ಯದ ಗುತ್ತಿಗೆಗೆ ಹೊಸದಾಗಿ ಕರೆಸಿದವರು: ಪ್ಲಂಬರು, ಬಡಗಿ, ನಮ್ಮ ಆಸ್ಪತ್ರೆಯ ಲಿಫ್ಟ್ ರಿಪೇರಿಯವನು. ಕೆಲವರು ನನ್ನ ಕೈಯಲ್ಲೇ ಹುಟ್ಟಿದವರು, ಮುಖ ನೋಡಿದರೆ ಅಮ್ಮಂದಿರ ನೆನಪು ಬರುತ್ತದೆ. ಕದನವಿರಾಮ ಇನ್ನೂ ಮುರಿದಿಲ್ಲ ಎಂದು ರೇಡಿಯೋ ಹೇಳುತ್ತದೆ. ಇವರು ಒಬ್ಬೊಬ್ಬರಾಗಿ ಹಾಜರ್, ಹಾಜರ್ ಎನ್ನುತ್ತಿದ್ದರು.

ನನಗೆ ಗೊತ್ತಿಲ್ಲದೆಯೇ ಅವರನ್ನು ಎಣಿಸತೊಡಗಿದ್ದೆ. ಎಷ್ಟೋ ಮುಂದೆ ಹೋದ ಮೇಲೆ ಎಚ್ಚರವಾಯಿತು. ಅಲ್ಲೇ ನಿಲ್ಲಿಸಿ, 'ಇವರೆಲ್ಲ ಬದುಕಿರುವವರು' ಎಂದು ನನಗೆ ನಾನೇ ಹೇಳಿಕೊಂಡು, ನೆಲ ನೋಡುತ್ತ ಆಸ್ಪತ್ರೆಗೆ ನಡೆದೆ.

ಅಮ್ಮ